ಆರು ಕಾಲೇಜು, ಒಂದು ನೆಟ್

ಜನವರಿ ತಿಂಗಳ ಎರಡನೇ ಭಾನುವಾರ. ಬೆಳಿಗ್ಗೆ ಹತ್ತು ಗಂಟೆ. ಶಿವಮೊಗ್ಗದ ಒಂದು ಕಾಲೇಜಿನ ಕ್ರೀಡಾ ಕೊಠಡಿ. ಹಾಜರಿದ್ದವರು: ಐದು ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು, ವೀಕ್ಷಕರಾಗಿ ಒಂದು ಕೇಬಲ್ ಚಾನೆಲ್ಲಿನ ಮ್ಯಾನೇಜರ್, ಗೌರವ ಕಾರ್ಯದರ್ಶಿಯಾದ ನಾನು. ಗೈರುಹಾಜರಾದವರು: ಭದ್ರಾವತಿ ಹಳೇ ನಗರದ ಕಾಲೇಜಿನ ಪ್ರತಿನಿಧಿ.

ನಡಾವಳಿ ಪುಸ್ತಕದಲ್ಲಿ ನನ್ನ ಕೈಬರಹದಲ್ಲಿ ಹೀಗೆ ಇದೆ. ಅದರ ಕೆಳಗೆ, ಅದೇ ದಿನದ ತಾರೀಖಿನಲ್ಲಿ, ಇನ್ನೊಂದು ಬರಹವಿದೆ. ಅದೂ ನನ್ನದೇ. ಎರಡರ ನಡುವೆ ಐದು ಗಂಟೆ. ಆ ಐದು ಗಂಟೆಯಲ್ಲಿ ನಾನು ಒಂದು ಕಡೆ ನೆಟ್ಟಗೆ ಕೂತದ್ದು ನೆನಪಿಲ್ಲ.

ನಮ್ಮದು ಮಹಿಳಾ ವಾಲಿಬಾಲ್ ಒಕ್ಕೂಟ. ಆರು ಕಾಲೇಜು: ಶಿವಮೊಗ್ಗದವು ನಾಲ್ಕು, ಭದ್ರಾವತಿಯವು ಎರಡು. ಡಿಸೆಂಬರಿನಿಂದ ಮಾರ್ಚ್ ಕೊನೆಯವರೆಗೆ ಪ್ರತಿ ಶನಿವಾರ ಒಂದು ಕಾಲೇಜಿನ ಮೈದಾನದಲ್ಲಿ ಆರೂ ತಂಡ ಸೇರುತ್ತವೆ. ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಮೂರು ಪಂದ್ಯ. ಮುಂದಿನ ಶನಿವಾರ ಇನ್ನೊಬ್ಬರ ಮೈದಾನ. ಒಕ್ಕೂಟಕ್ಕೆ ಇರುವ ಆಸ್ತಿ ಒಂದೇ, ಒಂದು ಒಳ್ಳೆಯ ನೆಟ್. ಶುರುವಿನ ವರ್ಷ ಎಲ್ಲರೂ ಸೇರಿ ಕೊಂಡದ್ದು. ಅದು ಮೈದಾನದಿಂದ ಮೈದಾನಕ್ಕೆ ತಿರುಗುತ್ತದೆ. ಈ ವಾರದ ಪಂದ್ಯ ಮುಗಿದ ಕೂಡಲೇ ಮುಂದಿನ ವಾರದವರು ಅದನ್ನು ಸುತ್ತಿಕೊಂಡು ಹೋಗಬೇಕು. ಹರಿದಿದ್ದರೆ ಹೊಲಿಯಬೇಕು, ತಂತಿ ಸಡಿಲಾಗಿದ್ದರೆ ಬಿಗಿ ಮಾಡಿಸಬೇಕು. ಜನವರಿಯ ಸಭೆಗೆ ನೆಟ್ ಯಾರ ಕೈಯಲ್ಲಿದೆಯೋ ಅವರು ಅದನ್ನು ಸರಿಮಾಡಿಸಿ ತರಬೇಕು, ಎಲ್ಲರೂ ಅದನ್ನು ಹಿಡಿದು ನೋಡಬೇಕು. ಕೆಟ್ಟ ನೆಟ್ ತಂದವರು ಆ ವರ್ಷದ ತಮ್ಮ ಮೈದಾನದ ಸರದಿ ಕಳೆದುಕೊಳ್ಳುತ್ತಾರೆ. ಈ ನಿಯಮ ಬರೆದವಳು ನಾನು.

ಇನ್ನೊಂದು ನಿಯಮವೂ ನನ್ನದೇ. ಸಭೆ ಹತ್ತಕ್ಕೆ. ಹತ್ತಕ್ಕೆ ಬಾಗಿಲು ಹಾಕುತ್ತೇವೆ. ಆಮೇಲೆ ಬಂದವರು ಕೂರಬಹುದು, ಮತ ಹಾಕುವಂತಿಲ್ಲ, ಲೆಕ್ಕಕ್ಕೆ ಅವರೂ ಬಾರದವರೇ. ಬಾರದವರ ಮತ ಬಹುಮತದ ಜೊತೆ ಸೇರುತ್ತದೆ. ಸಭೆಗೆ ಬಾರದೆ ಮನೆಯಲ್ಲಿದ್ದು, ಆಮೇಲೆ ಒಂದು ತಿಂಗಳು ತಕರಾರು ತೆಗೆಯುತ್ತಿದ್ದ ಮಹನೀಯರೊಬ್ಬರಿಗಾಗಿ ಆ ಕಾಲದಲ್ಲಿ ಬರೆದದ್ದು. ಅವರು ಈಗಿಲ್ಲ, ನಿಯಮ ಇದೆ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಮನೆಯ ಗಡಿಯಾರವನ್ನು ಐದು ನಿಮಿಷ ಮುಂದಿಟ್ಟಿದ್ದರು. ಸೈರನ್ ಊದುವಾಗ ಅವರು ಗೇಟಿನ ಒಳಗಿರುತ್ತಿದ್ದರು. ಹೊರಗಿದ್ದದ್ದನ್ನು ನಾನು ನೋಡಿಲ್ಲ. ನಾನು ಕೈಗಡಿಯಾರ ಕಟ್ಟಿದ ಮೊದಲ ದಿನದಿಂದ ಅದೂ ಐದು ನಿಮಿಷ ಮುಂದೆ. ನನ್ನ ಕಾಲೇಜಿನಲ್ಲಿ ಹುಡುಗಿಯರು ಅದಕ್ಕೆ ಮೇಡಂ ಟೈಮ್ ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ಆರರ ಅಭ್ಯಾಸಕ್ಕೆ ಆರು ಎಂದರೆ ಮೇಡಂ ಟೈಮಿನ ಆರು. ಎರಡು ನಿಮಿಷ ತಡವಾದರೆ ಮೈದಾನಕ್ಕೆ ಎರಡು ಸುತ್ತು. ಒಕ್ಕೂಟದವರಿಗೂ ಅದು ರೂಢಿಯಾಗಿ, ಹತ್ತರ ಸಭೆಗೆ ಒಂಬತ್ತೂ ಐವತ್ತಕ್ಕೇ ಬಂದು ಚಹಾ ಕುಡಿದು ಕೂರುತ್ತಿದ್ದರು. ನಿವೃತ್ತಿಯಾದ ಮೇಲೂ ಕಾರ್ಯದರ್ಶಿಯ ಕೆಲಸ ನನಗೇ ಉಳಿಸಿದ್ದಕ್ಕೆ ಅದೇ ಕಾರಣ ಎಂದು ನಾನು ತಿಳಿದಿದ್ದೆ.

ಆ ಭಾನುವಾರ ಸಭೆಯ ಮುಂದಿದ್ದ ವಿಷಯ ಒಂದೇ. ಚಾನೆಲ್ಲಿನವರು ಹೊಸ ಲೀಗ್ ಕಟ್ಟುತ್ತಿದ್ದರು. ನಮ್ಮಲ್ಲಿಂದ ಐದು ಕಾಲೇಜು, ದಾವಣಗೆರೆ, ಚಿಕ್ಕಮಗಳೂರು ಕಡೆಯಿಂದ ಮೂರು. ಶನಿವಾರ ಸಂಜೆ, ಒಳಾಂಗಣದಲ್ಲಿ, ದೀಪದ ಬೆಳಕಿನಲ್ಲಿ ಪಂದ್ಯ. ಟಿವಿಯಲ್ಲೂ ಫೋನಿನಲ್ಲೂ ನೇರಪ್ರಸಾರ. ಆಡುವ ಪ್ರತಿ ಕಾಲೇಜಿಗೂ ವರ್ಷಕ್ಕಿಷ್ಟು ಹಣ, ಬಟ್ಟೆ, ಬೂಟು. ನಮ್ಮ ಆರರಲ್ಲಿ ಅವರಿಗೆ ಬೇಡವಾದದ್ದು ಒಂದು, ಹಳೇ ನಗರದ ಕಾಲೇಜು. ನಾನು ಕೆಲಸ ಮಾಡಿ ನಿವೃತ್ತಿಯಾದ ಕಾಲೇಜು.

ಒಕ್ಕೂಟ ಬಿಡುವುದು ಯಾರಿಗೂ ಕಷ್ಟವಿಲ್ಲ, ಆದರೆ ಬಿಡುವವರು ಆ ವರ್ಷದ ಎಲ್ಲ ಶನಿವಾರ ಆಡಿ ಮುಗಿಸಬೇಕು. ಐವರಿಗೆ ಅದು ಬೇಡವಾಗಿತ್ತು, ಹೊಸ ಲೀಗ್ ಮುಂದಿನ ಶನಿವಾರವೇ ಶುರು. ಒಕ್ಕೂಟವನ್ನೇ ಮುಚ್ಚಿಬಿಟ್ಟರೆ ಯಾರೂ ಬಿಟ್ಟ ಹಾಗಾಗುವುದಿಲ್ಲ. ಮುಚ್ಚಬೇಕಾದರೆ ಆರೂ ಜನ ಒಪ್ಪಬೇಕು.

ಆರನೆಯವಳು ನನ್ನ ಶಿಷ್ಯೆ. ನನ್ನ ತಂಡದಲ್ಲಿ ನಾಲ್ಕು ವರ್ಷ ಆಡಿದವಳು, ಈಗ ಅದೇ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಕ್ರೀಡೆ ನೋಡಿಕೊಳ್ಳುತ್ತಾಳೆ. ಹಿಂದಿನ ಸಂಜೆ ಫೋನ್ ಮಾಡಿದ್ದಳು.

"ಮೇಡಂ, ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದಾರೆ. ಒಕ್ಕೂಟ ಹೋದ್ರೆ ಟೀಮೂ ಇಲ್ಲ. ಆಡೋಕೆ ಎದುರಿಗೆ ಯಾರೂ ಇಲ್ಲದ ಮೇಲೆ ಮೈದಾನ ಯಾಕೆ, ಗಾಡಿ ನಿಲ್ಲಿಸೋಕೆ ಜಾಗ ಆಗುತ್ತೆ ಅಂತಾರೆ."

"ನಿನ್ನ ಮತ ಏನು?"

"ಬೇಡ ಅಂತ. ಇನ್ನೇನು ಮೇಡಂ. ಒಕ್ಕೂಟ ಉಳಿದ್ರೆ ಮಾರ್ಚ್ ತನಕ ಆಡ್ತೀವಿ. ಅಷ್ಟರಲ್ಲಿ ಪಾಲಿಟೆಕ್ನಿಕ್ಕು, ಐಟಿಐ, ತರೀಕೆರೆಯವರು, ಯಾರನ್ನಾದ್ರೂ ಸೇರಿಸ್ತೀನಿ. ಇಲ್ಲದ ಒಕ್ಕೂಟಕ್ಕೆ ಯಾರನ್ನ ಸೇರಿಸಲಿ?"

"ಸರಿ. ಹತ್ತಕ್ಕೆ."

"ಗೊತ್ತು ಮೇಡಂ. ನೆಟ್ ತರ್ತೀನಿ."

ಕಾರ್ಯದರ್ಶಿಗೆ ಮತವಿಲ್ಲ. ಅದಕ್ಕಿಂತ ಹೆಚ್ಚು ಮಾತಾಡುವುದು ನನಗೆ ಸರಿ ಕಾಣಲಿಲ್ಲ.

ಭಾನುವಾರ ಒಂಬತ್ತೂವರೆಗೆ ನಾನು ಆ ಕೊಠಡಿಯಲ್ಲಿದ್ದೆ. ಗೋಡೆಯ ಗಡಿಯಾರ ನಿಂತು ಎಷ್ಟು ದಿನವಾಗಿತ್ತೋ. ಕುರ್ಚಿ ಎಣಿಸಿದೆ, ಏಳಿದ್ದವು, ಚಾನೆಲ್ಲಿನವನಿಗೆ ಎಂಟನೆಯದು ತರಿಸಿದೆ. ಅವನು ಮೂರು ಕಾಲಿನ ಮೇಲೆ ಕ್ಯಾಮೆರಾ ನಿಲ್ಲಿಸಿದ.

"ಏನಪ್ಪಾ ಇದು?" ಎಂದೆ.

"ಐತಿಹಾಸಿಕ ಸಭೆ ಮೇಡಂ. ಲೈವ್ ಬಿಡ್ತಾ ಇದ್ದೀವಿ. ಜನ ನೋಡ್ತಾರೆ."

"ವಾಲಿಬಾಲ್ ಸಭೆಯನ್ನ ಯಾವ ಜನ ನೋಡ್ತಾರೆ ಮಾರಾಯ?"

"ನೋಡೋ ಹಾಗೆ ಮಾಡೋದೇ ನಮ್ಮ ಕೆಲಸ ಮೇಡಂ."

ಐವರೂ ಬಂದರು. ಅವರ ಮುಂದಾಳು ನನ್ನ ಹಳೆಯ ಎದುರಾಳಿ, ಸಭೆ ನಡೆದ ಕಾಲೇಜಿನ ನಿರ್ದೇಶಕರು. ನಾವಿಬ್ಬರೂ ಎದುರುಬದುರು ಬೆಂಚಿನಲ್ಲಿ ಕೂತು ಎಷ್ಟು ಶನಿವಾರ ಕಳೆದಿದ್ದೇವೋ. ಫೋನುಗಳನ್ನು ಮೇಜಿನ ಮೇಲೆ ಬೋರಲು ಹಾಕಬೇಕು ಎನ್ನುವುದೂ ನಮ್ಮ ಕ್ರಮ. ಅವರು ತಮ್ಮದನ್ನು ಒಮ್ಮೆ ನೋಡಿ ಬೋರಲು ಹಾಕಿದರು. ನಾನು ಕೈಗಡಿಯಾರ ನೋಡಿದೆ. ಹತ್ತು. ಹೊರಗೆ ಮೆಟ್ಟಿಲ ಕಡೆ ಇಣುಕಿದೆ. ಯಾರೂ ಇಲ್ಲ. ಒಂದು ನಿಮಿಷ ನಿಲ್ಲಬೇಕು ಅನ್ನಿಸಿತು. ಬೇರೆ ಯಾರಿಗಾದರೂ ನಿಲ್ಲುತ್ತಿದ್ದೆನೇ ಎಂದು ಕೇಳಿಕೊಂಡೆ. ಇಲ್ಲ. ಬಾಗಿಲು ಹಾಕಿದೆ.

ಹಾಜರಿ ಬರೆದೆ. ಹಿಂದಿನ ಸಭೆಯ ನಡಾವಳಿ ಓದುತ್ತಿರುವಾಗ ಬಾಗಿಲು ಬಡಿದ ಸದ್ದು. ನನ್ನ ಗಡಿಯಾರದಲ್ಲಿ ಹತ್ತು ದಾಟಿ ನಾಲ್ಕು ನಿಮಿಷ. ಅವಳು ನಿಂತಿದ್ದಳು, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ನೆಟ್ ಹೆಗಲ ಮೇಲೆ, ಎರಡೂ ಕೈಗೆ ಗ್ರೀಸ್. ತನ್ನ ಕೈಗಡಿಯಾರ ನೋಡಿಕೊಂಡು, "ನಾಲ್ಕು ನಿಮಿಷ ಲೇಟಾಯ್ತು ಮೇಡಂ," ಎಂದಳು. "ಮೇಲಿನ ತಂತಿಯ ಕುಣಿಕೆ ಕಿತ್ತುಬಂದಿತ್ತು. ದಾರೀಲಿ ಮಾಚೇನಹಳ್ಳಿಯ ವರ್ಕ್‌ಶಾಪಲ್ಲಿ ಹಾಕಿಸಿಕೊಂಡು ಬಂದೆ. ಒಂದು ಬದಿ ಆಯ್ತು, ಇನ್ನೊಂದು ಬದಿಗೆ ಸದ್ಯಕ್ಕೆ ಹಗ್ಗ ಕಟ್ಟಿದೀನಿ."

ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು.

"ಕೂತ್ಕೋ," ಎಂದೆ. "ಹಾಜರಿ ಮುಗಿದಿದೆ."

ಅವಳು ಒಂದು ಮಾತು ವಾದಿಸಲಿಲ್ಲ. ಹಿಂದಿನ ಬೆಂಚಿನಲ್ಲಿ ನೆಟ್ ತೊಡೆಯ ಮೇಲಿಟ್ಟುಕೊಂಡು ಕೂತಳು. ವಾದಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

ನಿರ್ಣಯ ಓದಿದೆ. ಐದು ಕೈ ಮೇಲೆದ್ದವು. ಆರನೆಯ ಮತ, ಗೈರುಹಾಜರಿಯಿಂದಾಗಿ, ಬಹುಮತಕ್ಕೆ ಸೇರಿತು. ಒಕ್ಕೂಟ ಸರ್ವಾನುಮತದಿಂದ ವಿಸರ್ಜನೆ. ಎಷ್ಟೋ ವರ್ಷ ನಡೆದದ್ದು ಮುಗಿಯಲು ಚಹಾ ಆರುವಷ್ಟೂ ಹೊತ್ತು ಹಿಡಿಯಲಿಲ್ಲ. ನೆಟ್ ಏನು ಮಾಡುವುದೆಂದು ಯಾರೋ ಕೇಳಿದರು. ಚಾನೆಲ್ಲಿನವನು, "ನಮ್ಮಲ್ಲಿ ಹೊಸದು ಬರುತ್ತೆ, ಅದು ಅವರ ಹತ್ರಾನೇ ಇರಲಿ ಬಿಡಿ," ಎಂದ. ಅದನ್ನೂ ಬರೆದೆ. ಎಲ್ಲರೂ ಸಹಿ ಹಾಕಿದರು.

ನಾನಿರುವುದು ಭದ್ರಾವತಿಯ ಜನ್ನಾಪುರದಲ್ಲಿ. ಅವಳು ಡ್ರೈವರ್ ಸಮೇತ ಬಾಡಿಗೆಯ ಓಮ್ನಿ ತಂದಿದ್ದಳು, ಐವರ ಬಾಕಿ ಲೆಕ್ಕಗಳನ್ನೆಲ್ಲ ತೀರಿಸಿ, ಹನ್ನೆರಡೂವರೆಗೆ ಅದರಲ್ಲೇ ಹೊರಟೆವು. ದಾರಿಯುದ್ದಕ್ಕೂ ನಾನು ನಡಾವಳಿ ಪುಸ್ತಕ ತೆರೆಯುವುದು, ಮುಚ್ಚುವುದು, ಚೀಲಕ್ಕೆ ಹಾಕುವುದು, ಮತ್ತೆ ತೆಗೆಯುವುದು. ಕಿಟಕಿಯ ಗಾಜು ಇಳಿಸಿದೆ, ಧೂಳು ಬಂತು, ಏರಿಸಿದೆ.

"ನಂದೇ ತಪ್ಪು ಮೇಡಂ," ಎಂದಳು. "ನೆಟ್ ಹಾಗೇ ತರಬೇಕಿತ್ತು."

"ಹಾಗೇ ತಂದಿದ್ರೆ ನಿನ್ನ ಮೈದಾನದ ಸರದಿ ಹೋಗ್ತಿತ್ತು."

"ಒಕ್ಕೂಟಾನೇ ಹೋಯ್ತಲ್ಲ ಮೇಡಂ."

ನಾನು ಗಾಜು ಮತ್ತೆ ಇಳಿಸಿದೆ.

ಮಾಚೇನಹಳ್ಳಿಯಲ್ಲಿ ಅವಳು ಗಾಡಿ ನಿಲ್ಲಿಸಲು ಹೇಳಿದಳು. ಇನ್ನೊಂದು ಬದಿಯ ಕುಣಿಕೆ ಹಾಕಿಸಬೇಕಂತೆ. ಈಗ ಯಾಕೆ ಎಂದು ಕೇಳಬೇಕೆಂದುಕೊಂಡು ಸುಮ್ಮನಾದೆ. ಅರ್ಧ ಮಾಡಿ ಬಿಟ್ಟ ಕೆಲಸ ನೋಡಿದರೆ ನನಗೂ ಸಹಿಸಲಾಗುವುದಿಲ್ಲ, ಅದನ್ನು ಕಲಿಸಿದವಳೂ ನಾನೇ.

ವರ್ಕ್‌ಶಾಪಿನ ಭಾಯ್ ನನ್ನ ವಯಸ್ಸಿನವರೇ. ಅವರಿಗೆ ಶುಕ್ರವಾರ ರಜೆ, ಭಾನುವಾರ ಕೆಲಸ. ಬಾಗಿಲಲ್ಲೇ ಸ್ಟೂಲಿನ ಮೇಲೆ ಕೂತು ಫೋನ್ ನೋಡುತ್ತಿದ್ದರು.

"ಬನ್ನಿ ಅಕ್ಕ, ಟಿವಿ ಸ್ಟಾರ್ ಆಗಿಬಿಟ್ರಿ," ಎಂದರು ನನ್ನ ಶಿಷ್ಯೆಗೆ. "ನಿಮ್ಮ ಮೀಟಿಂಗ್ ಪೂರಾ ನೋಡಿದೆ. ಇವರೇನಾ ಮೇಡಂ? ಬೆಳಿಗ್ಗೆ ಇವರ ಹೆಸರು ಹೇಳಿ ನನ್ನ ತಲೆ ತಿಂದುಬಿಟ್ರಿ. ಭಾಯ್ ಜಲ್ದಿ, ಭಾಯ್ ಮೇಡಂ ಟೈಮು, ಭಾಯ್ ಮೇಡಂ ಟೈಮು. ಅದ್ಯಾವ ಟೈಮೋ, ನಮ್ಮ ದೇಶದ್ದೋ ಬೇರೆ ದೇಶದ್ದೋ."

"ಆದ್ರೂ ತಡವಾಯ್ತು ಭಾಯ್," ಎಂದಳು.

"ಎಲ್ಲಿ ತಡ? ಇಲ್ಲಿ ನೋಡಿ." ಅವರು ಫೋನ್ ನನ್ನ ಕೈಗೇ ಕೊಟ್ಟರು. "ಮೇಡಂ ಬಾಗಿಲು ಹಾಕಿದ್ರು. ಮೂಲೆಯಲ್ಲಿ ಟೈಮ್ ಓದಿ. ನಿಮ್ಮ ಕಣ್ಣಿಗೆ ಎಷ್ಟು ಕಾಣುತ್ತೆ?"

ಪರದೆಯ ಮೇಲಿನ ಮೂಲೆಯಲ್ಲಿ ಚಾನೆಲ್ಲಿನ ಗುರುತು, ಅದರ ಕೆಳಗೆ ಚಿಕ್ಕದಾಗಿ ಗಡಿಯಾರ. ಬಿಳಿ ಸೀರೆಯ ಒಬ್ಬ ಮುದುಕಿ ಎದ್ದು, ಮೆಟ್ಟಿಲ ಕಡೆ ಇಣುಕಿ, ಬಾಗಿಲು ಹಾಕುತ್ತಿದ್ದಳು. ಒಂಬತ್ತು ಐವತ್ತೈದು. ಭಾಯ್ ಬೆರಳಲ್ಲಿ ಮುಂದೆ ಸರಿಸಿದರು. ಬಾಗಿಲು ಬಡಿದ ಸದ್ದು. ಒಂಬತ್ತು ಐವತ್ತೊಂಬತ್ತು.

"ಒಂದು ನಿಮಿಷ ಮುಂಚೆನೇ ಬಂದಿದ್ದಾರೆ ಅಕ್ಕ," ಎಂದರು ಭಾಯ್. "ನಾನು ಇಲ್ಲಿ ಕೂತು ಹೇಳ್ತಾನೇ ಇದ್ದೆ, ಅರೆ, ಹತ್ತಾಗಿಲ್ಲವಲ್ಲ ಅಂತ. ಫೋನಿಗೆ ಹೇಳಿದ್ರೆ ಅಲ್ಲಿ ಯಾರಿಗೆ ಕೇಳಿಸುತ್ತೆ?"

ನಾನು ನನ್ನ ಗಡಿಯಾರ ನೋಡಿದೆ. ನನ್ನ ಶಿಷ್ಯೆ ತನ್ನದನ್ನು ನೋಡಿದಳು. ಎರಡರಲ್ಲೂ ಒಂದೇ ಹೊತ್ತು.

"ನಿಂದೂ ಐದು ನಿಮಿಷ ಮುಂದಾ?"

"ಮೊದಲನೇ ವರ್ಷ ಆರು ಸುತ್ತು ಓಡಿಸಿದ್ರಲ್ಲ ಮೇಡಂ, ಅವತ್ತಿಂದ."

ಅವಳು ತಮಾಷೆಗೇ ಹೇಳಿದ್ದಳು. ಎರಡು ಗಡಿಯಾರ, ಎರಡೂ ನನ್ನವೇ, ಒಂದನ್ನೊಂದು ನೋಡಿ ಸರಿ ಅಂದುಕೊಂಡಿದ್ದವು. ನಿಯಮಾವಳಿಯಲ್ಲಿ ಹತ್ತು ಗಂಟೆ ಎಂದಿದೆ. ಕಾರ್ಯದರ್ಶಿಯ ಕೈಗಡಿಯಾರದ ಹತ್ತು ಎಂದಿಲ್ಲ. ಸಮಯಕ್ಕೆ ಮುಂಚೆ ಶುರುವಾದ ಸಭೆ ಸಭೆಯೇ ಅಲ್ಲ, ಅದೂ ಅದರಲ್ಲೇ ಇದೆ. ನನಗೆ ಆ ಕ್ಷಣ ನೆನಪಾದದ್ದು ಒಕ್ಕೂಟವಲ್ಲ. ಬೆಳಗಿನ ಚಳಿಯಲ್ಲಿ, ನಿಜವಾದ ಆರು ಗಂಟೆಗೆ ಮೂರು ನಿಮಿಷ ಮುಂಚೆ ಬಂದು, ಏನೂ ಹೇಳದೆ ಮೈದಾನ ಸುತ್ತುತ್ತಿದ್ದ ಹುಡುಗಿಯರು. ಅವರಲ್ಲಿ ಒಬ್ಬಳೂ, ಮೇಡಂ, ಇನ್ನೂ ಆರಾಗಿಲ್ಲ, ಎನ್ನಲಿಲ್ಲ. ಅದನ್ನೇ ನಾನು ಶಿಸ್ತು ಎಂದುಕೊಂಡಿದ್ದೆ.

ಭಾಯ್ ಕುಣಿಕೆ ಹಾಕುವಷ್ಟು ಹೊತ್ತು ವರ್ಕ್‌ಶಾಪಿನ ಮುಂದೆ ಅತ್ತಿತ್ತ ನಡೆದೆ. ಒಂದು ಲಾರಿಯ ಹಳೆಯ ಚಕ್ರ, ಒಂದು ಬೇವಿನ ಮರ. ಚಕ್ರದಿಂದ ಮರಕ್ಕೆ, ಮರದಿಂದ ಚಕ್ರಕ್ಕೆ. ಹಾಗೆ ನಡೆಯುತ್ತಲೇ ಐದು ಫೋನ್ ಮಾಡಿದೆ. ಎಲ್ಲರಿಗೂ ಒಂದೇ ಮಾತು: "ಬೆಳಗಿನ ಸಭೆ ಸಮಯಕ್ಕೆ ಮುಂಚೆ ಶುರುವಾಗಿತ್ತು, ಅದು ಅಸಿಂಧು. ಮೂರಕ್ಕೆ ಅದೇ ಕೊಠಡಿಯಲ್ಲಿ ಸಭೆ. ಫೋನಿನ ಗಡಿಯಾರದ ಮೂರು." ಒಬ್ಬರು ಊಟಕ್ಕೆ ಕೂತಿದ್ದರು, ಒಬ್ಬರು ಮಲಗುವ ಯೋಚನೆಯಲ್ಲಿದ್ದರು, ಒಬ್ಬರು ಬೈದರು. ನನ್ನ ಹಳೆಯ ಎದುರಾಳಿ ಮಾತ್ರ ಏನೂ ಕೇಳಲಿಲ್ಲ. "ಬರ್ತೀನಿ ಮೇಡಂ," ಎಂದು ಇಟ್ಟರು. ಆಶ್ಚರ್ಯವೇ ಆಗದ ದನಿ.

ವಾಪಸ್ ಶಿವಮೊಗ್ಗದ ದಾರಿ. ಓಮ್ನಿಯಲ್ಲಿ ಕೈಗಡಿಯಾರದ ಕೀಲಿ ಎಳೆದು ಮುಳ್ಳನ್ನು ಐದು ನಿಮಿಷ ಹಿಂದಕ್ಕೆ ತಿರುಗಿಸಿದೆ. ಸರಿ ಮಾಡಿದ ಮೇಲೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಎಲ್ಲಿಗೋ ಹೋಗಬೇಕಾದವಳು ಹೊರಡುವುದನ್ನೇ ಮರೆತ ಹಾಗಿತ್ತು. ಡ್ರೈವರಿಗೆ, "ಸ್ವಲ್ಪ ಬೇಗ ಹೋಗಪ್ಪ," ಎಂದೆ. "ಇನ್ನೂ ಮುಕ್ಕಾಲು ಗಂಟೆ ಇದೆ ಮೇಡಂ," ಎಂದ. ಹತ್ತು ನಿಮಿಷಕ್ಕೆ ಅದನ್ನೇ ಮತ್ತೆ ಹೇಳಿದೆ.

ಮೂರಕ್ಕೆ ಎಲ್ಲರೂ ಇದ್ದರು. ಚಾನೆಲ್ಲಿನವನನ್ನು ನಾನು ಕರೆದಿರಲಿಲ್ಲ. ಆರು ಫೋನುಗಳನ್ನು ಈ ಬಾರಿ ಅಂಗಾತ ಇಡಿಸಿದೆ. ಆರೂ ಪರದೆಯಲ್ಲಿ ಮೂರು ಕಂಡ ಮೇಲೆ ಬಾಗಿಲು ಹಾಕಿದೆ.

ನಾನು ನಡೆದದ್ದು ಹೇಳಿದೆ. ಹೇಳಿ, ನನ್ನ ಹಳೆಯ ಎದುರಾಳಿಯ ಕಡೆ ತಿರುಗಿ ಕೇಳಿದೆ: "ಬೆಳಿಗ್ಗೆ ನೀವು ಫೋನ್ ನೋಡಿದ್ರಿ. ಹತ್ತಾಗಿಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಮೇಡಂ."

"ಮತ್ತೆ ಹೇಳಲಿಲ್ಲ?"

"ಇಷ್ಟು ವರ್ಷ ನಿಮ್ಮ ಟೈಮಿಗೆ ನಾವು ನಡ್ಕೊಂಡ್ವಿ. ಇವತ್ತೊಂದು ದಿನ ನಿಮ್ಮ ಟೈಮು ನಮಗೆ ಉಪಯೋಗಕ್ಕೆ ಬಂತು. ಯಾಕೆ ಹೇಳಲಿ?"

ಯಾರೋ ನಕ್ಕು, ನಗು ನುಂಗಿಕೊಂಡರು. ಅವರು ಮಾತು ಮುಂದುವರಿಸಿದರು.

"ಅಲ್ಲದೆ ಮೇಡಂ, ರೂಢಿ ಅಂದ್ರೂ ನಿಯಮಾನೇ ಅಲ್ವಾ? ಮೇಡಂ ಟೈಮಿನಲ್ಲಿ ನಡೆದ ಎಲ್ಲ ಸಭೆಗಳೂ ಅಸಿಂಧು ಅಂತೀರಾ?"

"ಅವುಗಳಲ್ಲಿ ಯಾರೂ ಹೊರಗೆ ನಿಂತಿರಲಿಲ್ಲ. ಇವತ್ತು ನಿಂತಿದ್ದಳು. ರೂಢಿ ನಂದು ಸರ್, ನಿಯಮ ಒಕ್ಕೂಟದ್ದು. ತಪ್ಪು ನಂದು ಅಂತ ಬರೀತೀನಿ."

"ಬರೀರಿ. ಆದ್ರೆ ನಂದೂ ಒಂದು ಮಾತು ಬರ್ಕೊಳ್ಳಿ." ಅವರ ದನಿ ಏರಲಿಲ್ಲ. "ನನ್ನ ತಂಡದಲ್ಲಿ ಒಬ್ಬಳಿದ್ದಾಳೆ. ಅವಳ ಅಮ್ಮ ಬೀಡಿ ಕಟ್ಟೋರು. ಮಗಳು ಆಡೋದನ್ನ ಒಂದು ದಿನ ನೋಡಿಲ್ಲ, ಮೈದಾನಕ್ಕೆ ಬಂದು ಕೂತ್ರೆ ಆ ದಿನದ ಬೀಡಿ ಯಾರು ಕಟ್ತಾರೆ? ಫೋನಲ್ಲಿ ಬಂದ್ರೆ ಕೈ ಕೆಲಸ ಮಾಡ್ತಾ ನೋಡ್ತಾರೆ. ನಾನು ಕಾಸಿಗೆ ಬಿದ್ದೆ ಅಂತ ನೀವು ಅಂದ್ಕೊಂಡಿದ್ದೀರಿ. ಬಿದ್ದೆ. ಅದಕ್ಕೂ ಬಿದ್ದೆ, ಇದಕ್ಕೂ ಬಿದ್ದೆ."

ಅವರ ಮಾತನ್ನು ನಡಾವಳಿಯಲ್ಲಿ ಹಾಗೇ ಬರೆದೆ.

ಮತಕ್ಕೆ ಹಾಕಿದೆ. ಐದು ಕೈ ಎದ್ದವು. ಬೆಳಗಿಗಿಂತ ನಿಧಾನವಾಗಿ ಎದ್ದವು ಎಂದು ನನಗೆ ಕಂಡಿರಬಹುದು. ನನ್ನ ಶಿಷ್ಯೆ ಎರಡೂ ಕೈಗಳನ್ನು ನೆಟ್ಟಿನ ಸುರುಳಿಯ ಮೇಲಿಟ್ಟುಕೊಂಡು ಕೂತಿದ್ದಳು. ಗ್ರೀಸ್ ಇನ್ನೂ ಪೂರ್ತಿ ಹೋಗಿರಲಿಲ್ಲ.

"ವಿಸರ್ಜನೆ ಇಲ್ಲ," ಎಂದೆ. "ಬಿಡುವವರು ಪತ್ರ ಕೊಡಬಹುದು. ಮಾರ್ಚ್ ಕೊನೆಯವರೆಗೆ ಎಲ್ಲ ಶನಿವಾರ ಆಡಬೇಕು."

ಐದು ಪತ್ರಗಳೂ ಅಲ್ಲೇ, ಒಂದೇ ನೋಟ್‌ಬುಕ್ಕಿನಿಂದ ಹರಿದ ಹಾಳೆಗಳಲ್ಲಿ ಬಂದವು. ಒಕ್ಕೂಟ ಉಳಿಯಿತು, ಐವರೂ ಹೋಗುವವರೇ.

"ಬೆಳಿಗ್ಗೆ ನಿಮ್ಮಲ್ಲಿ, ಸಂಜೆ ಅವರಲ್ಲಿ," ಎಂದರು ನನ್ನ ಹಳೆಯ ಎದುರಾಳಿ, ಅವಳ ಕಡೆ ನೋಡಿ. "ಹುಡುಗೀರ ಕಾಲು ಏನಾಗ್ಬೇಕಮ್ಮಾ?"

"ಮೊದಲನೇ ಟೀಮ್ ಬೇಡ ಸಾರ್. ಎರಡನೇ ಟೀಮ್ ಕಳಿಸಿ, ಮೂರನೇದು ಕಳಿಸಿ. ನೆಟ್ ಆ ಕಡೆ ಆರು ಜನ ಇರಬೇಕು, ಅಷ್ಟೇ ನನಗೆ."

"ಬೆಂಚಲ್ಲಿ ಕೂರೋರು ಬರ್ತಾರೆ. ಆಮೇಲೆ ಅವರು ನಿಮ್ಮ ಹತ್ರ ಸುಲಭವಾಗಿ ಸೋತ್ರೆ ಬೇಜಾರು ಮಾಡ್ಕೋಬೇಡಿ."

"ನಾವು ಸೋತ್ರೆ ಸಾರ್?"

"ಆಗ ನಾನು ಬೇಜಾರು ಮಾಡ್ಕೊಳ್ಳಲ್ಲ."

ಈ ಸಲ ಎಲ್ಲರೂ ನಕ್ಕರು. ಬೆಂಚಿನ ಹುಡುಗಿಯರಿಗೆ ಆಡಲು ಸಿಗುವುದು ಒಳ್ಳೆಯದೇ ಎಂದು ಇನ್ನೊಬ್ಬರೂ ಹೇಳಿದರು. ನೆಟ್ ಬಿಚ್ಚಿಸಿದೆ. ಬೆಳಿಗ್ಗೆ ಅದನ್ನು ಯಾರೂ ನೋಡಿರಲಿಲ್ಲ. ಆರೂ ಜನ ಒಂದೊಂದು ಕಡೆ ಹಿಡಿದು, ಗಂಟು ಗಂಟು ನೋಡಿ, ಎರಡೂ ಕುಣಿಕೆ ಎಳೆದು ನೋಡಿದರು. ನನ್ನ ಹಳೆಯ ಎದುರಾಳಿ ತಂತಿಯನ್ನು ಸ್ವಲ್ಪ ಹೆಚ್ಚೇ ಜೋರಾಗಿ ಎಳೆದರು. "ಗಟ್ಟಿ ಇದೆ," ಎಂದರು. ತಪಾಸಣೆ ಆಯಿತು ಎಂದು ಬರೆದೆ. ಸಹಿ ಆಯಿತು.

ಓಮ್ನಿ ಮತ್ತೆ ಮಾಚೇನಹಳ್ಳಿ ದಾಟಿತು. ಭಾಯ್ ಬಾಗಿಲು ಹಾಕಿ ಹೋಗಿದ್ದರು. ಜನ್ನಾಪುರದಲ್ಲಿ ಇಳಿಯಬೇಕಾದವಳು ನಾನು ಇಳಿಯಲಿಲ್ಲ.

"ಮನೆಗೆ ಹೋಗಲ್ವಾ ಮೇಡಂ?"

"ನೆಟ್ ಕಟ್ಟಿ ನೋಡದೆ ಹ್ಯಾಗೆ ಹೋಗಲಿ ಮಾರಾಯ್ತಿ? ಹೊಸ ಕುಣಿಕೆ. ಎತ್ತರ ವ್ಯತ್ಯಾಸ ಬರುತ್ತೆ."

"ಶನಿವಾರಕ್ಕೆ ಇನ್ನೂ ಆರು ದಿನ ಇದೆ."

"ಇವತ್ತಿನ ಕೆಲಸ ಇವತ್ತು."

ಅವಳು ದಾರಿಯಲ್ಲಿ ಪಾಲಿಟೆಕ್ನಿಕ್ಕಿನವರಿಗೆ ಫೋನ್ ಮಾಡಿದಳು. ಅವರು ಹೆಣ್ಣುಮಕ್ಕಳ ತಂಡವೇ ಇಲ್ಲ, ಆದರೆ ಕೇಳಿ ನೋಡುತ್ತೇವೆ ಎಂದರು. ತರೀಕೆರೆಯವರು ಫೋನ್ ಎತ್ತಲಿಲ್ಲ. ಐಟಿಐಯವರು ನಾಳೆ ಬನ್ನಿ ಎಂದರು. ಅವಳು ಪ್ರತಿಯೊಂದನ್ನೂ ಅಂಗೈ ಮೇಲೆ ಪೆನ್ನಿನಲ್ಲಿ ಗುರುತು ಮಾಡಿಕೊಂಡಳು. ಎರಡೂವರೆ ತಿಂಗಳಲ್ಲಿ ಐದು ಕಾಲೇಜು ಸಿಗುತ್ತವೆಯೇ? ನನಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ. ಪ್ರಿನ್ಸಿಪಾಲರಿಗೆ ಮಾತ್ರ ಫೋನ್ ಮಾಡಿ, "ಶನಿವಾರ ನಮ್ಮ ಮೈದಾನದಲ್ಲಿ ಮೂರು ಪಂದ್ಯ ಇದೆ ಸಾರ್, ಗಾಡಿಗಳನ್ನ ಬೇರೆ ಕಡೆ ಹಾಕಿಸಬೇಕು," ಎಂದಳು. ಆ ಕಡೆಯಿಂದ, "ಆಯ್ತಮ್ಮ, ಈ ಶನಿವಾರಕ್ಕೆ," ಎಂಬುದು ನನಗೂ ಕೇಳಿಸಿತು.

ಹಳೇ ನಗರದ ಮೈದಾನ ತಲುಪಿದಾಗ ಬೆಳಕು ಇನ್ನೂ ಇತ್ತು. ಹೊಳೆಯ ಕಡೆಯಿಂದ ಗಾಳಿ. ಎರಡು ಬೈಕುಗಳು ಅಂಕಣದ ಗೆರೆಯ ಮೇಲೇ ನಿಂತಿದ್ದವು. ಅವುಗಳ ಒಡೆಯರನ್ನು ಹುಡುಕಿ ತೆಗೆಸಿದೆ. ಕಂಬಗಳ ನಡುವೆ ನೆಟ್ ಹರಡಿದೆವು. ಅವಳು ಒಂದು ಕಡೆ ಕುಣಿಕೆ ಸಿಕ್ಕಿಸಿದಳು, ನಾನು ಇನ್ನೊಂದು ಕಡೆ. ಅವಳು ಕಂಬಕ್ಕಿದ್ದ, ತಂತಿ ಸುತ್ತುವ ತಿರುಗಣೆ ತಿರುಗಿಸುತ್ತಾ ಹೋದಳು, ತಂತಿ ಬಿಗಿಯುತ್ತಾ ಬಂತು.

ಕೊಠಡಿಯಿಂದ ಅಳತೆ ಕೋಲು ತಂದೆ. ಹೆಣ್ಣುಮಕ್ಕಳ ಆಟಕ್ಕೆ ನೆಟ್ಟಿನ ಎತ್ತರ ಎರಡು ಮೀಟರ್ ಇಪ್ಪತ್ತನಾಲ್ಕು ಸೆಂಟಿಮೀಟರ್ ಇರಬೇಕು. ನಡುವಿನಲ್ಲಿ ಅಳೆದೆ, ಒಂದು ಬೆರಳು ಕಡಿಮೆ ಇತ್ತು. "ಇನ್ನರ್ಧ ಸುತ್ತು," ಎಂದೆ. ಅವಳು ತಿರುಗಿಸಿದಳು. ಮತ್ತೆ ಅಳೆದೆ. ಎರಡೂ ಅಂಚಿನಲ್ಲಿ ಅಳೆದೆ. ಸರಿ ಇತ್ತು. ತಿರುಗಣೆಯ ಮೇಲೆ ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಆಮೇಲೆ ಇಬ್ಬರೂ ನೆಟ್ ಇಳಿಸಿ, ಮಡಿಸಿ, ಬೆಡ್‌ಶೀಟಿನಲ್ಲಿ ಸುತ್ತಿ, ಕ್ರೀಡಾ ಕೊಠಡಿಯ ಮೊಳೆಗೆ ತೂಗುಹಾಕಿದೆವು. ಬೀಗ ಹಾಕಿ ಎಳೆದು ನೋಡಿದೆ.